“ಸ್ಟೆರಾಯ್ಡ್ ತಾನೇ? ಬಿಟ್ಬಿಡು” ಅನ್ನೋರಿಗೆ

1/8

“ಸ್ಟೆರಾಯ್ಡ್ ತಾನೇ? ಬಿಟ್ಬಿಡು.”

ಮೂರೇ ಪದ. ಹೇಳೋಕೆ ಎರಡು ಸೆಕೆಂಡ್ ಸಾಕು. ಹೇಳಿದವರು ಟೀ ಮುಗಿಸಿ ಎದ್ದು ಹೋಗ್ತಾರೆ. ಕೇಳಿಸ್ಕೊಂಡವಳು ಮಾರನೇ ದಿನ ತಿಂಡಿ ಆದ್ಮೇಲೆ ಮಾತ್ರೆ ಸ್ಟ್ರಿಪ್ ಕೈಯಲ್ಲಿ ಹಿಡ್ಕೊಂಡು, ನುಂಗಲೋ ಬೇಡವೋ ಅಂತ ಯೋಚನೆ ಮಾಡ್ತಾ ಕೂರ್ತಾಳೆ. ತಿಂಗಳುಗಟ್ಟಲೆ ತಗೊಂಡ ಮಾತ್ರೆಯನ್ನ ಹೀಗೆ ಯಾರದೋ ಮಾತಿಗೆ ದಿಢೀರ್ ಅಂತ ಬಿಟ್ಟರೆ ಆಸ್ಪತ್ರೆ ಸೇರಬೇಕಾಗಬಹುದು, ಜೀವಕ್ಕೇ ಅಪಾಯ ಆಗಬಹುದು. ಸಲಹೆ ಕೊಟ್ಟವರು ಅಲ್ಲಿಗೆ ಹಾರ್ಲಿಕ್ಸ್ ತಗೊಂಡು ನೋಡೋಕೆ ಬರ್ತಾರೆ.

ಮೊದಲನೇ ಫೋಟೋ ನನ್ನ ಎಡಗೈ. ಫಿಲ್ಟರ್ ಇಲ್ಲ. ಮೊಣಕೈ ಹತ್ತಿರ ಇರೋ ದೊಡ್ಡ ನೇರಳೆ ಕಲೆ ಸಿಟಿ ಬಸ್ಸಿನ ಕಂಬಿ ತಾಗಿದ್ದು. ಮಣಿಕಟ್ಟಿನ ಮೇಲಿರೋದು “ಬಾರೇ, ಲೇಟಾಯ್ತು” ಅಂತ ಗೆಳತಿ ಕೈ ಹಿಡಿದು ಎಳೆದಿದ್ದು. ನಡುವೆ ಇರೋ ಹಳದಿ-ಹಸಿರು ಕಲೆ ಹೋದ ವಾರದ್ದು, ಎಲ್ಲಿ ತಾಗಿತೋ ನನಗೇ ಗೊತ್ತಿಲ್ಲ.

ಈ ಕೈ ನೋಡಿದ ತಕ್ಷಣ ಜನಕ್ಕೆ ಬರೋದು ಎರಡೇ ಮಾತು. ಮೊದಲು “ಯಾರು ಹೊಡೆದ್ರು?” ಮಾತ್ರೆಯಿಂದ ಹೀಗೆ ಅಂತ ಹೇಳಿದ ಮೇಲೆ ಆ ಮೂರು ಪದ. ಈ ಎಂಟು ಪೋಸ್ಟ್ ಬರೀತಿರೋದು ಎರಡನೇ ಮಾತಿನ ಮೇಲಿನ ಸಿಟ್ಟಿಗೆ. ಮೊದಲನೇದಕ್ಕೂ ಒಂದು ಪೋಸ್ಟ್ ಇದೆ.

ಕ್ಲಾಸ್‌ನವರು ಪೂರ್ತಿ ಓದಿ. ಲೈಕ್ ಒತ್ತಿ ಮುಂದೆ ಹೋಗೋರಿಗೆ ಅಲ್ಲ ಇದು.

2/8

ಮೊದಲು ಜಿಮ್ ವಿಷಯ ಮುಗಿಸಿಬಿಡೋಣ. “ನೀನೂ ಸ್ಟೆರಾಯ್ಡಾ? ಬೈಸೆಪ್ಸ್ ತೋರ್ಸು” ಅನ್ನೋ ಜೋಕು ಈ ಸೆಮಿಸ್ಟರ್‌ನಲ್ಲಿ ಎಷ್ಟು ಸಲ ಕೇಳಿದ್ದೀನಿ ಅಂತ ಲೆಕ್ಕ ಇಟ್ಟಿಲ್ಲ. ಜಿಮ್‌ನಲ್ಲಿ ಕದ್ದುಮುಚ್ಚಿ ಚುಚ್ಚಿಸ್ಕೊಳ್ಳೋದು ಅನಬಾಲಿಕ್ ಸ್ಟೆರಾಯ್ಡ್, ಗಂಡಸರ ಹಾರ್ಮೋನಿನ ಜಾತಿಯದ್ದು. ನಾನು ನುಂಗೋದು ಪ್ರೆಡ್ನಿಸೊಲೋನ್, ಕಾರ್ಟಿಕೊಸ್ಟೆರಾಯ್ಡ್. ಹೆಸರಿನ ಬಾಲ ಒಂದೇ, ಕೆಲಸ ಬೇರೆ. ಇದರಿಂದ ಸ್ನಾಯು ಬೆಳೆಯೋದಿಲ್ಲ, ತೋಳು-ತೊಡೆ ಸೊರಗ್ತವೆ, ಮುಖ ಊದ್ಕೊಳ್ಳುತ್ತೆ.

ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿ ಪ್ರತಿದಿನ ಕಾರ್ಟಿಸಾಲ್ ಮಾಡುತ್ತೆ. ನಿಮ್ಮಲ್ಲೂ ಮಾಡ್ತಿದೆ, ಈಗ, ಇದನ್ನ ಓದುವಾಗ. ನನ್ನ ಮಾತ್ರೆ ಅದರ ನೆಂಟ. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅನ್ನೋ ಡಾಕ್ಟರ್ ಮತ್ತವರ ತಂಡ, ಸಂಧಿವಾತದಿಂದ ಏಳೋಕೆ ಆಗದಿದ್ದ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಕೊಟ್ಟು ನೋಡಿದ್ರು. ಕೆಲವೇ ದಿನದಲ್ಲಿ ಅವರು ಎದ್ದು ಓಡಾಡಿದ್ರು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಲ್, ತಾಡಿಯಸ್ ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಔಷಧಿಯ ಅಡ್ಡಪರಿಣಾಮಗಳೂ ಆಗಲೇ ಕಾಣಿಸೋಕೆ ಶುರುವಾಗಿದ್ವು. ಅಂದ್ರೆ ಇದರ ಒಳ್ಳೇದು ಕೆಟ್ಟದ್ದು ಎರಡೂ ಮುಕ್ಕಾಲು ಶತಮಾನದಿಂದ ಡಾಕ್ಟರುಗಳಿಗೆ ಗೊತ್ತು. ಪಕ್ಕದ್ಮನೆ ಆಂಟಿ ಮೊನ್ನೆ ಕಂಡುಹಿಡಿದಿದ್ದಲ್ಲ.

ನನಗಿರೋದು ಲೂಪಸ್. ದೇಹದ ಕಾವಲು ಪಡೆ ಹೊರಗಿನ ಕಳ್ಳನ್ನ ಬಿಟ್ಟು ಮನೆಯವರನ್ನೇ ಹೊಡೆಯೋ ಕಾಯಿಲೆ. ಇದು ಬರೋ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು, ಅದರಲ್ಲೂ ಹೆಚ್ಚಿನವರು ನಮ್ಮ ನಿಮ್ಮ ವಯಸ್ಸಿನಿಂದ ಶುರುವಾಗಿ ಮಕ್ಕಳಾಗೋ ವಯಸ್ಸಿನೊಳಗಿನವರು. ನನ್ನಲ್ಲಿ ಅದು ಹೊಡೆದಿದ್ದು ಕಿಡ್ನಿಗೆ. ದಿನಕ್ಕೆ 40 ಮಿಲಿಗ್ರಾಂನಿಂದ ಶುರುವಾದ ಮಾತ್ರೆ ಈಗ 10ಕ್ಕೆ ಬಂದಿದೆ. ಕಿಡ್ನಿ ಉಳಿದಿದೆ. ಚರ್ಮ ತೆಳುವಾಗಿದೆ. ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅಂತ ಬಿಕಾಂನವರಿಗೆ ನಾನು ಹೇಳ್ಬೇಕಾ?

3/8

ಚರ್ಮ ಯಾಕೆ ಹೀಗಾಗುತ್ತೆ?

ಅಜ್ಜಿಯ ಹಳೇ ಕಾಟನ್ ಸೀರೆ ನೆನಪಿಸ್ಕೊಳ್ಳಿ. ಒಗೆದು ಒಗೆದು ನೂಲು ಸವೆದಿರುತ್ತೆ. ಮಡಿಸಿಟ್ಟರೆ ಸೀರೆ ಚೆನ್ನಾಗೇ ಕಾಣುತ್ತೆ, ಎಳೆದರೆ ಪರ್ರ್ ಅಂತ ಹರಿಯುತ್ತೆ. ಚರ್ಮದ ಒಳಪದರದಲ್ಲಿ ಕೊಲಾಜೆನ್ ಅನ್ನೋ ನೂಲಿದೆ. ಅದನ್ನ ನೇಯೋ ಜೀವಕೋಶಗಳ ಕೆಲಸವನ್ನ ಸ್ಟೆರಾಯ್ಡ್ ನಿಧಾನ ಮಾಡುತ್ತೆ. ತಿಂಗಳುಗಟ್ಟಲೆ ತಗೊಂಡಾಗ ಪದರ ತೆಳುವಾಗುತ್ತೆ, ಸಣ್ಣ ರಕ್ತನಾಳಗಳ ಸುತ್ತ ಇದ್ದ ಆಸರೆ ಹೋಗುತ್ತೆ. ನಿಮಗೆ ಏನೂ ಅನ್ನಿಸದ ಪೆಟ್ಟಿಗೆ ನನ್ನಲ್ಲಿ ನಾಳ ಒಡೆದು ರಕ್ತ ಚರ್ಮದ ಕೆಳಗೆ ಹರಡುತ್ತೆ. ಅದೇ ಈ ನೀಲಿ. ಮೊದಲು ನೇರಳೆ, ಆಮೇಲೆ ಹಸಿರು, ಹಳದಿ, ಕಂದು, ಆಮೇಲೆ ಮಾಯ. ಗಾಯ ಆದರೂ ಒಣಗೋದು ತಡ, ಅದೂ ಇದೇ ಕಾರಣಕ್ಕೆ.

ಹಾಗಾಗಿ “ರಕ್ತ ಕಮ್ಮಿ ಇದೆ, ಬೀಟ್‌ರೂಟ್ ತಿನ್ನು” ಅನ್ನೋರೇ, ಬೀಟ್‌ರೂಟ್ ಪಲ್ಯ ನನಗೂ ಇಷ್ಟ. ಆದ್ರೆ ಸಮಸ್ಯೆ ರಕ್ತದ್ದಲ್ಲ, ಪೈಪಿನ ಸುತ್ತ ಇರೋ ಗೋಡೆಯದ್ದು. ನನ್ನ ಪ್ಲೇಟ್‌ಲೆಟ್ ಎಣಿಕೆ ಪ್ರತಿ ಸಲ ಬ್ಲಡ್ ಟೆಸ್ಟಲ್ಲಿ ನೋಡ್ತಾರೆ, ಸರಿ ಇದೆ.

ಇಲ್ಲಿ ಒಂದು ಗಂಭೀರ ಮಾತು, ನನ್ನ ಥರ ಮಾತ್ರೆ ತಗೊಳ್ಳೋ ತಮ್ಮ ತಂಗಿಯರಿಗೆ. ಕೈಕಾಲಲ್ಲಿ ತಾಗೋ ಜಾಗದಲ್ಲಿ ನೀಲಿಗಟ್ಟೋದು ಒಂದು. ಹೊಟ್ಟೆ, ಬೆನ್ನಿನಂಥ ಕಡೆ ಏನೂ ತಾಗದೇ ದೊಡ್ಡ ಕಲೆ ಬರೋದು, ಸೂಜಿಮೊನೆಯಷ್ಟು ಕೆಂಪು ಚುಕ್ಕಿ ಗುಂಪಾಗಿ ಏಳೋದು, ಒಸಡಲ್ಲಿ ಮೂಗಲ್ಲಿ ರಕ್ತ, ಮಲ ಟಾರಿನ ಥರ ಕಪ್ಪಗಾಗೋದು, ಮುಟ್ಟಿನಲ್ಲಿ ನಿಲ್ಲದ ರಕ್ತ, ಇವು ಬೇರೆ. ಇದಕ್ಕೆಲ್ಲ “ಸ್ಟೆರಾಯ್ಡ್ ಅಲ್ವಾ, ಹಾಗೇ” ಅಂತ ಸುಮ್ಮನಿರಬೇಡಿ. ಅವತ್ತೇ ಡಾಕ್ಟರ ಹತ್ರ ಹೋಗಿ.

4/8

ಈಗ ನಿಮ್ಮ ಸರದಿ.

ಬರ್ತ್‌ಡೇ ಬಂಪ್ಸ್. ಹುಟ್ಟಿದ ದಿನ ಒಬ್ಬನ್ನ ನಾಲ್ಕು ಜನ ಎತ್ತಿ ಹಿಡಿದು ಉಳಿದವರೆಲ್ಲ ಒದೆಯೋ ಈ ಸಂಭ್ರಮ ಯಾರ ತಲೆಯಲ್ಲಿ ಹುಟ್ಟಿತೋ. ಗಟ್ಟಿಮುಟ್ಟಾಗಿ ಇರೋರಿಗೂ ಅದು ಒಳ್ಳೇದಲ್ಲ, ಒಳಗೆ ಎಲ್ಲಿ ಪೆಟ್ಟಾಗುತ್ತೆ ಅಂತ ಒದೆಯೋನಿಗೆ ಗೊತ್ತಿರಲ್ಲ. ನನ್ನಂಥವಳಿಗೆ ಬೆನ್ನು ಪೂರ್ತಿ ನೇರಳೆ ಆಗುತ್ತೆ. ಇನ್ನೊಂದು ವಿಷಯ, ಸ್ಟೆರಾಯ್ಡ್ ಮೂಳೆಯನ್ನೂ ಟೊಳ್ಳು ಮಾಡುತ್ತೆ, ಅದಕ್ಕೇ ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟಿರ್ತಾರೆ. “ತಮಾಷೆಗೆ ಒದ್ದಿದ್ದು” ಅನ್ನೋದು ಎಕ್ಸ್‌ರೇಯಲ್ಲಿ ಕಾಣಲ್ಲ.

ಆಮೇಲೆ ಬೆನ್ನಿಗೆ ಬಡಿಯೋದು. ಜೋಕ್ ಕೇಳಿ ನಗುವಾಗ ಪಕ್ಕದವರ ತೊಡೆಗೆ ಹೊಡೆಯೋದು. ಹಿಂದಿನಿಂದ ಬಂದು ಕುತ್ತಿಗೆ ಹಿಡ್ಕೊಳ್ಳೋದು. ಹೋಳಿ ದಿನ “ಒಂದ್ಚೂರು ಬಣ್ಣ ಕಣೇ” ಅಂತ ಸಿಲ್ವರ್ ಪೇಂಟ್ ತಂದು ಕೆನ್ನೆಗೆ ಉಜ್ಜೋದು; ಅದನ್ನ ತೆಗೆಯೋಕೆ ಮತ್ತೆ ಉಜ್ಜಬೇಕು, ಉಜ್ಜಿದರೆ ಚರ್ಮವೇ ಬರುತ್ತೆ. ನಾನು ಹೋಳಿಗೆ ಬರಲ್ಲ ಅಂದಿದ್ದಕ್ಕೆ ಸ್ಟೋರಿಯಲ್ಲಿ “ಆಟಿಟ್ಯೂಡ್” ಅಂತ ಹಾಕಿದವರು ಇದನ್ನ ಓದ್ತಿದ್ದೀರ ಅಂತ ಗೊತ್ತು. ಹಾಯ್.

ಬಸ್ಸಿನವರ ಮೇಲೆ ದೂರಿಲ್ಲ. ಫ್ರೀ ಬಸ್ ಅಂತ ನಾನೂ ಹತ್ತೋದೇ, ರಶ್ ಮಾಡೋರಲ್ಲಿ ನಾನೂ ಒಬ್ಬಳು. ಆದ್ರೆ ಒಂದು ದಿನ “ಸೀಟ್ ಬಿಡ್ತೀರಾ, ಹುಷಾರಿಲ್ಲ” ಅಂತ ಕೇಳಿದಾಗ “ಚೆನ್ನಾಗೇ ಇದ್ದೀಯಲ್ಲಮ್ಮ, ಕೆನ್ನೆ ತುಂಬ್ಕೊಂಡಿದೆ” ಅಂದ್ರು ಒಬ್ಬರು. ಕೆನ್ನೆ ತುಂಬಿಸಿದ್ದೂ ಅದೇ ಮಾತ್ರೆ. ಹೊರಗಿಂದ ತುಂಬ್ಕೊಂಡ ಹಾಗೆ ಕಾಣೋಳು ಒಳಗೆ ಹಳೇ ಸೀರೆ ಅಂತ ನಿಂತಲ್ಲೇ ಭಾಷಣ ಮಾಡೋಕೆ ಆಗುತ್ತಾ? ನಿಂತ್ಕೊಂಡೇ ಬಂದೆ.

ಕೇಳ್ತಿರೋದು ದೊಡ್ಡದೇನಲ್ಲ. ಕರೀಬೇಕಾದ್ರೆ ಹೆಸರು ಹಿಡಿದು ಕರೀರಿ, ಕೈ ಹಿಡಿದು ಎಳೀಬೇಡಿ. ಅಷ್ಟೇ.

5/8

ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ. ಮನೆಯಲ್ಲಿ ಆಸ್ತಮಾ, ಸಂಧಿವಾತ, ಕಿಡ್ನಿ ತೊಂದರೆ ಅಂತ ಬಹಳ ದಿನದಿಂದ ಸ್ಟೆರಾಯ್ಡ್ ಮಾತ್ರೆ ನುಂಗೋ ಅಜ್ಜ ಅಜ್ಜಿ ಇದ್ದರೆ ಅವರಿಗೂ ಇದೇ ಅನ್ವಯ. ವಯಸ್ಸಾದವರ ಚರ್ಮ ಮೊದಲೇ ತೆಳು, ಅದರ ಮೇಲೆ ಈ ಮಾತ್ರೆ.

ತೋಳು ಪೂರ್ತಿ ಮುಚ್ಚೋ ಕಾಟನ್ ಕುರ್ತಾ ಹಾಕ್ತೀನಿ. ಕಲೆ ಮುಚ್ಚೋಕೆ ಅಂತ ಅಂದ್ಕೊಂಡಿದ್ದೀರ. ಅಲ್ಲ, ಬಟ್ಟೆಯ ಒಂದು ಪದರ ಪೆಟ್ಟನ್ನ ಸ್ವಲ್ಪ ತಡೆಯುತ್ತೆ, ಬಿಸಿಲನ್ನೂ ತಡೆಯುತ್ತೆ. ಬಿಸಿಲು ಲೂಪಸ್‌ಗೆ ಮೊದಲೇ ಆಗಲ್ಲ. ಗಾಜಿನ ಬಳೆ ಬಿಟ್ಟೆ. ಉಗುರು ಗಿಡ್ಡ. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಉಜ್ಜೋ ಕಲ್ಲು-ನಾರು ಇಲ್ಲ, ಟವೆಲ್‌ನಿಂದ ಒತ್ತಿ ಒರೆಸೋದು, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಾಯಿಶ್ಚರೈಸರ್. ದುಬಾರಿ ಬೇಕಿಲ್ಲ, ಪೆಟ್ರೋಲಿಯಂ ಜೆಲ್ಲಿ ಡಬ್ಬಿ ಸಾಕು. ಒಣಗಿದ ಚರ್ಮ ಬೇಗ ಸೀಳುತ್ತೆ. ನನ್ನ ಮಂಚದ ಕಬ್ಬಿಣದ ಮೂಲೆಗೆ ಅಮ್ಮ ಹಳೇ ಬಟ್ಟೆ ಸುತ್ತಿ ಕಟ್ಟಿದ್ದಾರೆ. ನೋಡೋಕೆ ಚೆನ್ನಾಗಿಲ್ಲ, ಆದ್ರೆ ಕಾಲಿನ ಕಲೆಗಳು ಅರ್ಧಕ್ಕೆ ಇಳಿದಿದ್ದು ಅದರಿಂದ. ರಾತ್ರಿ ಬಾತ್‌ರೂಮಿಗೆ ಎದ್ದರೆ ಲೈಟ್ ಹಾಕ್ತೀನಿ.

ತಾಗಿದ ತಕ್ಷಣ ಐಸನ್ನ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡೋದು. ಐಸ್ ನೇರವಾಗಿ ಚರ್ಮಕ್ಕೆ ಬೇಡ. ನೀಲಿಗಟ್ಟಿದ ಜಾಗ ತಿಕ್ಕಬೇಡಿ. “ಎಣ್ಣೆ ಹಚ್ಚಿ ಚೆನ್ನಾಗಿ ನೀವಿದರೆ ರಕ್ತ ಕರಗುತ್ತೆ” ಅಂತ ಪ್ರೀತಿಯಿಂದ ಹೆಬ್ಬೆರಳು ಒತ್ತೋರು ಇನ್ನೊಂದು ನಾಳ ಒಡೀತಾರೆ.

ಅಂಟೋ ಪ್ಲಾಸ್ಟರ್ ನನ್ನ ದೊಡ್ಡ ಶತ್ರು. ಒಂದು ಲ್ಯಾಬಿನಲ್ಲಿ ರಕ್ತ ತೆಗೆದು, ನಾನು ಬೇಡ ಬೇಡ ಅಂದ್ರೂ ಪ್ಲಾಸ್ಟರ್ ಅಂಟಿಸಿ, ಆಮೇಲೆ ತಾವೇ ಸರ್ ಅಂತ ಕಿತ್ತರು. ಜೊತೆಗೆ ಚರ್ಮವೂ ಬಂತು, ಹತ್ತು ರೂಪಾಯಿ ನಾಣ್ಯದಷ್ಟು. ಸೂಜಿಯ ಗಾಯ ಒಂದು ಚುಕ್ಕಿ, ಪ್ಲಾಸ್ಟರಿನ ಗಾಯ ಮೂರು ವಾರ. ಈಗ ಹೋದ ಕಡೆಯೆಲ್ಲ ಮೊದಲೇ ಹೇಳ್ತೀನಿ: ಹತ್ತಿ ಇಟ್ಟು ನಾನೇ ಐದು ನಿಮಿಷ ಒತ್ತಿ ಹಿಡ್ಕೋತೀನಿ, ಬೇಕಾದ್ರೆ ಬ್ಯಾಂಡೇಜ್ ಬಟ್ಟೆ ಸುತ್ತಿ, ಅಂಟಿಸಬೇಡಿ. ಅಂಟಿಸಿಬಿಟ್ಟಿದ್ದರೆ ಅಂಚಿಗೆ ಎಣ್ಣೆ ಬಿಟ್ಟು ನೆನೆಸಿ ಮೆಲ್ಲಗೆ ತೆಗೀಬೇಕು.

ಚರ್ಮ ಪದರವಾಗಿ ಎದ್ದು ಬಂದರೆ ಕತ್ತರಿಸಬೇಡಿ. ಶುದ್ಧ ನೀರಲ್ಲಿ ತೊಳೆದು, ಎದ್ದ ಪದರವನ್ನ ಮೆಲ್ಲಗೆ ಅದರ ಜಾಗಕ್ಕೇ ಹಾಸಿ, ಗಾಯಕ್ಕೆ ಅಂಟದ ಡ್ರೆಸ್ಸಿಂಗ್ ಇಟ್ಟು ಡಾಕ್ಟರಿಗೆ ತೋರಿಸಿ. ಸ್ಟೆರಾಯ್ಡ್ ತಗೊಳ್ಳೋರಿಗೆ ಸೋಂಕು ಸುಲಭ, ಜ್ವರ-ಕೀವು ಜೋರಾಗಿ ಕಾಣಿಸದೆಯೂ ಇರಬಹುದು. ಅರಿಶಿನ, ಕಾಫಿಪುಡಿ ಅಡುಗೆಮನೆಯಲ್ಲೇ ಇರಲಿ.

ಹಾಸ್ಟೆಲ್‌ನಲ್ಲಿ ಮುಟ್ಟಿನ ನೋವಿಗೆ ಚಾಕೊಲೇಟ್ ಹಂಚಿದ ಹಾಗೆ ಹಂಚೋ ಮೆಫೆನಾಮಿಕ್ ಆಸಿಡ್ ಮಾತ್ರೆ, ಆಮೇಲೆ ಐಬುಪ್ರೊಫೆನ್, ಆಸ್ಪಿರಿನ್, ಇವು ಡಾಕ್ಟರನ್ನ ಕೇಳದೆ ನನಗಿಲ್ಲ. ಸ್ಟೆರಾಯ್ಡ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವದ ಅಪಾಯ ಹೆಚ್ಚು, ಕಿಡ್ನಿಗೂ ಪೆಟ್ಟು. ಬೇಡ ಅಂದ್ರೆ ಸೊಕ್ಕಲ್ಲ ಕಣ್ರೇ.

6/8

“ಯಾರು ಹೊಡೆದ್ರು?”

ಕೇಳೋದೇ ತಪ್ಪು ಅನ್ನಲ್ಲ. ನಿಜಕ್ಕೂ ಮನೆಯಲ್ಲೋ ಪ್ರೀತಿಸೋನ ಕೈಯಲ್ಲೋ ಏಟು ತಿಂದು ತೋಳು ಮುಚ್ಕೊಂಡು ಬರೋ ಹುಡುಗಿಯರಿದ್ದಾರೆ, ಅವರನ್ನ ಯಾರಾದ್ರೂ ಕೇಳಲೇಬೇಕು. ನನ್ನ ಸಿಟ್ಟು ಕೇಳೋ ರೀತಿ ಮೇಲೆ. ಕ್ಯಾಂಟೀನ್‌ನಲ್ಲಿ ಹತ್ತು ಜನರ ಮುಂದೆ ಕೂಗಿ ಕೇಳಿದ್ರೆ ಏಟು ತಿಂದವಳೂ ನಿಜ ಹೇಳಲ್ಲ, ತಿನ್ನದವಳು ಹೇಳಿದ ನಿಜವನ್ನ ನೀವು ನಂಬಲ್ಲ. ನಾನು ಮಾತ್ರೆ ಅಂದೆ, ನೀವು ಒಬ್ಬರನ್ನೊಬ್ಬರು ನೋಡಿ ನಕ್ಕಿರಿ. ಸಂಜೆಯೊಳಗೆ ನಮ್ಮಪ್ಪ ಕುಡುಕ ಅಂತ ಆಯ್ತು. ನಮ್ಮಪ್ಪ ನನ್ನ ಮೂತ್ರದ ಪ್ರೋಟೀನ್ ರಿಪೋರ್ಟ್‌ಗಳನ್ನ ದಿನಾಂಕದ ಪ್ರಕಾರ ಫೈಲ್ ಮಾಡಿ ಇಡೋ ಮನುಷ್ಯ. ಆ ಮಾತು ಅವರ ಕಿವಿಗೂ ಬಿತ್ತು. ಆವತ್ತಿಂದ ಕಾಲೇಜ್ ಗೇಟಿನವರೆಗೆ ಬಿಡೋಕೆ ಬರಲ್ಲ, ಬಸ್‌ಸ್ಟಾಪಲ್ಲೇ ಇಳಿಸಿ ಹೋಗ್ತಾರೆ.

ಒಬ್ಬಳನ್ನೇ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ. ಅವಳು ಏನು ಹೇಳ್ತಾಳೋ ಅದನ್ನ ಅವಳ ಹತ್ತಿರವೇ ಬಿಡಿ.

7/8

ಈಗ ನನಗೆ ಜಾಸ್ತಿ ಉರಿಯೋ ವಿಷಯ. ಸ್ಟೆರಾಯ್ಡ್ ಅಂದ್ರೆ ಹಾವು ತುಳಿದವರ ಹಾಗೆ ಹಾರೋ ನೀವು, ನಿಮ್ಮ ಮುಖಕ್ಕೆ ಏನು ಹಚ್ತಿದ್ದೀರ?

ಬ್ಯಾಗಿನಿಂದ ಆ ಸಣ್ಣ ಟ್ಯೂಬ್ ತೆಗೆಯಿರಿ. ಸಂಬಂಧಿಕರ ಮದುವೆಗೆ ಮುಂಚೆ ಬೆಳ್ಳಗಾಗಲಿ ಅಂತ ಮೆಡಿಕಲ್ ಶಾಪಿನವನು ಕೊಟ್ಟಿದ್ದು, “ಅಕ್ಕನಿಗೆ ಚೆನ್ನಾಗಿ ಆಯ್ತು” ಅಂತ ಗೆಳತಿ ಹೇಳಿದ್ದು. ಹಿಂದೆ ಸಣ್ಣ ಅಕ್ಷರದಲ್ಲಿರೋದನ್ನ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಸಿನೊಲೋನ್, ಇವುಗಳಲ್ಲಿ ಒಂದು ಕಂಡ್ರೆ ನೀವು ಹಚ್ತಿರೋದೂ ಸ್ಟೆರಾಯ್ಡ್. ನನ್ನ ಮಾತ್ರೆಯ ಜಾತಿಯದ್ದೇ. ಕೆಲವು ವಾರ ಮುಖ ಹೊಳೆಯುತ್ತೆ, ಮೊಡವೆ ಅಡಗುತ್ತೆ. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಕೆಂಪಾಗಿ ಉರಿದು, ಕೆನ್ನೆ ಮೇಲೆ ಸಣ್ಣ ರಕ್ತನಾಳಗಳು ಜಾಲದ ಹಾಗೆ ಕಾಣೋಕೆ ಶುರು, ಮೊಡವೆ ವಾಪಸ್, ಕೆಲವರಿಗೆ ಮುಖದಲ್ಲಿ ಕೂದಲು. ನನ್ನ ತೋಳಿಗೆ ಆಗಿದ್ದು ನಿಮ್ಮ ಕೆನ್ನೆಗೆ ಆಗುತ್ತೆ. ಕಾಯಿಲೆ ಮಾತ್ರ ಇರಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಚರ್ಮದ ಸ್ಟೆರಾಯ್ಡ್‌ಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸ್ತು. ಅಂದ್ರೆ ಡಾಕ್ಟರ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಆ ಕೆಂಪು ಗೆರೆ ಅಂದಕ್ಕೆ ಹಾಕಿದ್ದಲ್ಲ. ಆದ್ರೂ ನಮ್ಮ ರಸ್ತೆಯ ಯಾವುದೋ ಅಂಗಡಿಯಲ್ಲಿ ಸೋಪು ಕೇಳಿದ ಹಾಗೆ ಕೇಳಿದ್ರೆ ಸಿಗುತ್ತೆ. ಡಾಕ್ಟರು ಅಳತೆ ಮಾಡಿ, ಮೂತ್ರ-ರಕ್ತ ಪರೀಕ್ಷೆ ಮಾಡಿ, ತಿಂಗಳಿಗೊಮ್ಮೆ ಬಿಪಿ-ಶುಗರ್ ನೋಡಿ ಕೊಡೋ ಸ್ಟೆರಾಯ್ಡ್ ವಿಷ; ಅಳತೆಯೇ ಇಲ್ಲದೆ ಬೆರಳಲ್ಲಿ ಹಿಂಡಿ ಹಚ್ಚೋ ಸ್ಟೆರಾಯ್ಡ್ ಬ್ಯೂಟಿ ಟಿಪ್ಸ್. ಇದ್ಯಾವ ಲೆಕ್ಕ? ಯಾವ ಆಡಿಟರ್ ಇದಕ್ಕೆ ಸಹಿ ಹಾಕ್ತಾನೆ?

“ಸ್ಟೆರಾಯ್ಡ್ ಬಿಡು, ಈ ನಾಟಿ ಪುಡಿ ತಗೋ” ಅನ್ನೋರೂ ಇದೇ ಬೆಂಚಿನವರು. ಲೇಬಲ್ ಇಲ್ಲದ ಕೀಲುನೋವಿನ ಪುಡಿಗಳಲ್ಲಿ ಕದ್ದು ಬೆರೆಸಿದ ಸ್ಟೆರಾಯ್ಡ್ ಸಿಕ್ಕ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. “ಮೂರೇ ದಿನದಲ್ಲಿ ಆರಾಮ” ಅನ್ನೋ ಮಾತು ಕೇಳಿದ್ರೆ ನನಗೆ 1948ರ ಆ ಹೆಂಗಸು ನೆನಪಾಗ್ತಾರೆ.

ಕ್ರೀಮ್ ಹಚ್ಚಿ ಈಗಾಗಲೇ ತಿಂಗಳುಗಳಾಗಿದ್ದರೆ ಒಂದೇ ದಿನ ನಿಲ್ಲಿಸಿ ಗಾಬರಿಯಾಗಬೇಡಿ. ಬಿಟ್ಟ ತಕ್ಷಣ ಮುಖ ಇನ್ನೂ ಜಾಸ್ತಿ ಕೆರಳಬಹುದು. ಚರ್ಮದ ಡಾಕ್ಟರ ಹತ್ರ ಹೋಗಿ ಬಿಡಿಸ್ಕೊಳ್ಳಿ. ಬಿಟ್ಬಿಡು ಅನ್ನೋ ಸಲಹೆ ಅಲ್ಲೂ ಕೆಲಸ ಮಾಡಲ್ಲ ನೋಡಿ.

8/8

ಭಯ ಎಲ್ಲಿಂದ ಬಂತು ಅಂತ ನನಗೆ ಅರ್ಥ ಆಗುತ್ತೆ. 2021ರಲ್ಲಿ ಟಿವಿ ಹಾಕಿದ್ರೆ ಬ್ಲ್ಯಾಕ್ ಫಂಗಸ್, ಜೊತೆಗೆ ಸ್ಟೆರಾಯ್ಡ್ ಅನ್ನೋ ಪದ. ಕೋವಿಡ್‌ನಲ್ಲಿ ಬೇಕಿಲ್ಲದವರಿಗೂ, ಬೇಕಾದ್ದಕ್ಕಿಂತ ಜಾಸ್ತಿಯೂ ಕೊಟ್ಟಿದ್ದು, ಶುಗರ್ ಹತೋಟಿ ತಪ್ಪಿದ್ದು ಅದಕ್ಕೆ ದಾರಿ ಮಾಡಿಕೊಡ್ತು. ಅದಕ್ಕೆ ಒಂದು ವರ್ಷ ಹಿಂದೆ, 2020ರ ಜೂನ್‌ನಲ್ಲಿ, ಇಂಗ್ಲೆಂಡಿನ ರಿಕವರಿ ಟ್ರಯಲ್ ಹೇಳಿದ್ದೂ ನಿಜ: ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನ ಡೆಕ್ಸಾಮೆಥಾಸೋನ್ ಅನ್ನೋ ಅಗ್ಗದ ಸ್ಟೆರಾಯ್ಡ್ ಸುಮಾರು ಮೂರನೇ ಒಂದು ಭಾಗ ಇಳಿಸ್ತು. ಆಮ್ಲಜನಕವೇ ಬೇಕಿಲ್ಲದವರಿಗೆ ಅದರಿಂದ ಲಾಭ ಇರಲಿಲ್ಲ ಅಂತಲೂ ಅದೇ ಟ್ರಯಲ್ ಹೇಳ್ತು. ಯಾರಿಗೆ, ಯಾವಾಗ, ಎಷ್ಟು ಅನ್ನೋದನ್ನ ಬಿಟ್ಟು ಬರೀ ಹೆಸರು ಹಿಡಿದು ಹೆದರೋದು ಹೆದರಿಕೆಯಲ್ಲಿ ಸೋಮಾರಿತನ.

ಬಿಟ್ಟರೆ ಏನಾಗುತ್ತೆ? ಹೊರಗಿನಿಂದ ಮಾಲು ತಿಂಗಳುಗಟ್ಟಲೆ ಬರ್ತಾ ಇದ್ದರೆ ಊರಿನ ಫ್ಯಾಕ್ಟರಿ ಬಾಗಿಲು ಹಾಕುತ್ತೆ. ಮಾತ್ರೆ ಬರ್ತಿದೆ ಅಂತ ನನ್ನ ಅಡ್ರಿನಲ್ ಗ್ರಂಥಿ ಸ್ವಂತ ಕಾರ್ಟಿಸಾಲ್ ಮಾಡೋದನ್ನ ಕಮ್ಮಿ ಮಾಡಿದೆ. ಮೂರ್ನಾಲ್ಕು ವಾರಕ್ಕಿಂತ ಜಾಸ್ತಿ ತಗೊಂಡ ಯಾರಿಗಾದ್ರೂ ಹೀಗಾಗಬಹುದು. ನಾಳೆ ಸಪ್ಲೈ ನಿಂತರೆ ಫ್ಯಾಕ್ಟರಿ ನಾಳೆಯೇ ತೆರೆಯಲ್ಲ, ತಿಂಗಳುಗಳು ಬೇಕು. ಆ ಮಧ್ಯೆ ಒಂದು ಜ್ವರ, ಒಂದು ವಾಂತಿ-ಭೇದಿ, ಒಂದು ಆಪರೇಷನ್ ಬಂದ್ರೆ ಬಿಪಿ ಕುಸಿದು ಬೀಳ್ತೀವಿ. ಲೂಪಸ್ ತಿರುಗಿ ಕಿಡ್ನಿಗೆ ಬೀಳೋದು ಬೇರೆ. ಅದಕ್ಕೇ ಡಾಕ್ಟರು ಡೋಸನ್ನ ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ತಾರೆ. ನನ್ನ ಮುಂದಿನ ಮೆಟ್ಟಿಲು 7.5 ಮಿಲಿಗ್ರಾಂ. ಡೋಸ್ ಕಮ್ಮಿ ಆದ ಹಾಗೆ ಹೊಸ ನೀಲಿ ಕಲೆಗಳೂ ಕಮ್ಮಿ ಆಗ್ತಿವೆ. ಎರಡನೇ ಫೋಟೋ ಹೋದ ವರ್ಷದ್ದು, ಪಕ್ಕದಲ್ಲಿಟ್ಟು ನೋಡಿ. ತೊಡೆ ಮೇಲಿನ ನೇರಳೆ ಬಿರುಕುಗೆರೆ ಬಣ್ಣ ಕಳ್ಕೊಳ್ಳುತ್ತೆ, ಪೂರ್ತಿ ಹೋಗಲ್ಲ. ಇರಲಿ.

ಕೊನೇ ಫೋಟೋ ನನ್ನ ಕಾಲೇಜ್ ಐಡಿ ಕಾರ್ಡಿನ ಹಿಂಭಾಗ. ಅಲ್ಲಿ ಒಂದು ಮಡಿಸಿದ ಚೀಟಿ ಇದೆ. ನಾನು ಕ್ಲಾಸಲ್ಲಿ ಬಿದ್ದರೆ ಈರುಳ್ಳಿ ಹುಡುಕ್ಕೊಂಡು ಕ್ಯಾಂಟೀನಿಗೆ ಓಡಬೇಡಿ. 108ಕ್ಕೆ ಕಾಲ್ ಮಾಡಿ, ಚೀಟಿ ತೆಗೆದು ಮೊದಲು ಸಿಗೋ ಡಾಕ್ಟರ ಕೈಗೆ ಕೊಡಿ. ಅದರಲ್ಲಿ ನಾನು ಬರೆದಿರೋದು ಇಷ್ಟು:

“ಲೂಪಸ್, ಕಿಡ್ನಿ ತೊಂದರೆ. ಒಂದೂವರೆ ವರ್ಷದಿಂದ ಪ್ರೆಡ್ನಿಸೊಲೋನ್, ಈಗ ದಿನಕ್ಕೆ 10 ಮಿಲಿಗ್ರಾಂ. ದಿಢೀರ್ ನಿಲ್ಲಿಸುವಂತಿಲ್ಲ. ವಾಂತಿ ಆಗ್ತಿದ್ದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಸ್ಟೆರಾಯ್ಡ್ ಇಂಜೆಕ್ಷನ್ ಬೇಕಾಗಬಹುದು. ಚರ್ಮ ತೆಳು, ಪ್ಲಾಸ್ಟರ್ ಅಂಟಿಸಬೇಡಿ. ಅಪ್ಪನ ನಂಬರ್ ಹಿಂದೆ ಇದೆ.”